ಉಪವಾಸದ ರಾತ್ರಿಯ ಔತಣ

ಅಟ್ಲಾಸ್‌ನಲ್ಲಿ ಇಟಲಿಯ ಪುಟ ತೆರೆದು, ಬೂಟಿನ ಆಕಾರದ ಆ ದೇಶದ ಮೇಲ್ಭಾಗವನ್ನು ನೋಡಿ. ಪೋ ನದಿಯ ಬಯಲಿನ ದಕ್ಷಿಣದ ಅಂಚಿನಲ್ಲಿ ರಿಮಿನಿ, ಬೊಲೊನ್ಯ, ಮೊದೆನಾ, ರೆಜ್ಜೊ ಎಮಿಲಿಯಾ, ಪಾರ್ಮಾ, ಪಿಯಾಚೆಂಜಾ ಎಂಬ ಊರುಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ ಸಾಲಾಗಿ ಕಾಣುತ್ತವೆ. ಆ ದಾರವೇ ಕ್ರಿ.ಪೂ. 187ರಲ್ಲಿ ರೋಮಿನ ಕಾನ್ಸಲ್ ಮಾರ್ಕಸ್ ಎಮಿಲಿಯಸ್ ಲೆಪಿಡಸ್ ಹಾಕಿಸಿದ 'ವಿಯಾ ಎಮಿಲಿಯಾ' ರಸ್ತೆ. ಇಂದಿನ ಎಮಿಲಿಯಾ-ರೊಮಾನ್ಯ ಪ್ರಾಂತ್ಯಕ್ಕೆ 'ಎಮಿಲಿಯಾ' ಎಂಬ ಹೆಸರು ಬಂದದ್ದೂ ಅದರಿಂದಲೇ.

ಈ ಪ್ರಾಂತ್ಯದ ರಾಜಧಾನಿ ಬೊಲೊನ್ಯ. 1088ರಲ್ಲಿ ಆರಂಭವಾಯಿತೆಂದು ಹೇಳಲಾಗುವ ವಿಶ್ವವಿದ್ಯಾಲಯ ಇಲ್ಲಿರುವುದರಿಂದ ಇದಕ್ಕೆ 'ಪಂಡಿತ ನಗರಿ' ಎಂಬ ಹೆಸರಿದೆ. ಅಡುಗೆಯ ಸಮೃದ್ಧಿಯಿಂದಾಗಿ 'ದಪ್ಪ ನಗರಿ' ಎಂಬ ಹೆಸರೂ ಇದೆ! ಊರಿನ ಬೀದಿಗಳಿಗೆ ಕಮಾನಿನ ಮೊಗಸಾಲೆಗಳಿವೆ. ಅವುಗಳ ಒಟ್ಟು ಉದ್ದ 62 ಕಿಲೋಮೀಟರ್. ಮಳೆಯಿರಲಿ ಮಂಜಿರಲಿ, ಜನ ಕೊಡೆಯಿಲ್ಲದೆ ಪೇಟೆ ಸುತ್ತುತ್ತಾರೆ. ಡಿಸೆಂಬರ್‌ನಲ್ಲಿ ಇಲ್ಲಿಂದ ಪ್ಯಾಸೆಂಜರ್ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಪಾರ್ಮಾ ತಲಪಬಹುದು. ಕಿಟಕಿಯಾಚೆ ಮಂಜು ಕವಿದ ಸಮತಟ್ಟಾದ ಹೊಲಗಳು, ಎಲೆ ಉದುರಿದ ಪಾಪ್ಲರ್ ಮರಗಳ ಸಾಲು, ನಡುನಡುವೆ ಉದ್ದನೆಯ ದನದ ಕೊಟ್ಟಿಗೆಗಳು. ಆ ಕೊಟ್ಟಿಗೆಗಳಿಗೂ ಪಾರ್ಮಾದ ಒಂದು ಹಬ್ಬದಡುಗೆಗೂ ಹತ್ತಿರದ ನಂಟು. ಆ ಅಡುಗೆಯ ಹೆಸರು 'ತೊರ್ತೆಲ್ಲಿ ದೆರ್ಬೆತ್ತಾ', ಅಂದರೆ ಸೊಪ್ಪಿನ ತೊರ್ತೆಲ್ಲಿ.

'ತೆಳು' ಊಟ

ಕ್ರಿಸ್‌ಮಸ್ ಎಂದೊಡನೆ ಯುರೋಪಿನ ಮೇಜಿನ ಮೇಲೆ ಮಾಂಸವೇ ಇರುತ್ತದೆಂದು ಭಾವಿಸುವವರು ಹೆಚ್ಚು. ಡಿಸೆಂಬರ್ 25ರ ಮಟ್ಟಿಗೆ ಅದು ನಿಜ. ಆದರೆ ಹಿಂದಿನ ರಾತ್ರಿಯ ಕಥೆ ಬೇರೆ. ಕ್ಯಾಥೊಲಿಕ್ ಸಂಪ್ರದಾಯದಲ್ಲಿ 24ನೇ ತಾರೀಕು ಉಪವಾಸದ ದಿನ. ಆ ದಿನ ಮಾಂಸ ವರ್ಜ್ಯ. ಅಂಥ ಊಟಕ್ಕೆ ಇಟಲಿಯಲ್ಲಿ 'ಮಾಗ್ರೊ' ಎನ್ನುತ್ತಾರೆ. ತೆಳು ಎಂದು ಅರ್ಥ. 1966ರಲ್ಲಿ ಪೋಪ್ ಆರನೇ ಪೌಲ್ ಉಪವಾಸದ ನಿಯಮಗಳನ್ನು ಸಡಿಲಿಸಿದರು. ಕ್ರಿಸ್‌ಮಸ್ ಮುನ್ನಾದಿನದ ಮಾಂಸವರ್ಜನೆ ಈಗ ಕಡ್ಡಾಯವಲ್ಲ. ಆದರೂ ಅಡುಗೆಮನೆ ಮಾತ್ರ ಹಳೆಯ ಕಟ್ಟಳೆಯನ್ನು ಬಿಟ್ಟಿಲ್ಲ.

ಏಕಾದಶಿಯ ಉಪವಾಸಕ್ಕೆಂದು ಶುರುವಾದ ಫಲಾಹಾರ ನಮ್ಮ ಮನೆಗಳಲ್ಲಿ ಎಷ್ಟು ಬಗೆಯಾಗಿ ಬೆಳೆಯಿತೋ, ಎಮಿಲಿಯಾದ ತೆಳು ಊಟವೂ ಹಾಗೆಯೇ ದಪ್ಪವಾಯಿತು. ಮಾಂಸವಿಲ್ಲದ ಕೊರತೆಯನ್ನು ಬೆಣ್ಣೆ, ರಿಕೋತ್ತಾ, ಚೀಸ್‌ಗಳಿಂದ ತುಂಬಿಕೊಂಡರು. ತೊರ್ತೆಲ್ಲಿಯನ್ನು ಬೆಣ್ಣೆಯಲ್ಲಿ ಮುಳುಗಿಸಿ ಚೀಸ್‌ನಲ್ಲಿ ಒಣಗಿಸಬೇಕು ಎಂಬುದು ಪಾರ್ಮಾದವರ ನುಡಿ. ಜೂನ್ 23ರ ರಾತ್ರಿ, ಸಂತ ಜೊವಾನ್ನಿಯ ಹಬ್ಬದ ಮುನ್ನಾದಿನ, ಇದೇ ತಿನಿಸನ್ನು ಬಯಲಲ್ಲಿ ಉದ್ದುದ್ದ ಮೇಜು ಹಾಕಿ ಉಣ್ಣುತ್ತಾರೆ. ಆ ರಾತ್ರಿಯ ಇಬ್ಬನಿ ಮೈಮೇಲೆ ಬಿದ್ದರೆ ಒಳ್ಳೆಯದೆಂಬ ನಂಬಿಕೆಯಿದೆ.

ಕಣಕ ಮತ್ತು ಹೂರಣ

ತೊರ್ತೆಲ್ಲಿಯನ್ನು ನಮ್ಮವರಿಗೆ ವಿವರಿಸುವುದು ಸುಲಭ. ಅದೊಂದು ಚಪ್ಪಟೆಯಾದ, ಚೌಕಾಕಾರದ ಖಾರದ ಕಡುಬು. ಕಣಕಕ್ಕೆ 100 ಗ್ರಾಂ ಗೋಧಿ ಹಿಟ್ಟಿಗೆ ಒಂದು ಮೊಟ್ಟೆ ಎಂಬುದು ಆ ಸೀಮೆಯ ಲೆಕ್ಕ. ಹತ್ತು ಹದಿನೈದು ನಿಮಿಷ ನಾದಿ, ಅರ್ಧ ಗಂಟೆ ಮುಚ್ಚಿಡುತ್ತಾರೆ. ಗೋಧಿಯಲ್ಲಿರುವ ಗ್ಲೈಯಡಿನ್ ಮತ್ತು ಗ್ಲುಟೆನಿನ್ ಎಂಬ ಪ್ರೋಟೀನುಗಳು ನೀರು ಹೀರಿ, ನಾದಿದಂತೆ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಜಾಲವಾಗುತ್ತವೆ. ನಾದಿದ ಕೂಡಲೇ ಲಟ್ಟಿಸಿದರೆ ಈ ಜಾಲ ರಬ್ಬರಿನಂತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮುಚ್ಚಿಟ್ಟಾಗ ಅದರ ಬಿಗುವು ಸಡಿಲಾಗಿ ಹಾಳೆ ತೆಳ್ಳಗೆ ಹರಡುತ್ತದೆ. ಹೋಳಿಗೆಯ ಕಣಕವನ್ನು ನೆನೆಯಿಡುವ ನಮ್ಮ ಅಜ್ಜಿಯರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೂರಣಕ್ಕೆ ಬೇಯಿಸಿ ಹಿಂಡಿದ ಸೊಪ್ಪು, ರಿಕೋತ್ತಾ, ತುರಿದ ಚೀಸ್, ಒಂದು ಮೊಟ್ಟೆ, ಚಿಟಿಕೆ ಜಾಯಿಕಾಯಿ. ಆ ಸೊಪ್ಪು ಬೀಟ್‌ರೂಟಿನ ಜಾತಿಗೇ ಸೇರಿದ್ದು, ಆದರೆ ಗಡ್ಡೆಗಾಗಿ ಅಲ್ಲ, ಎಲೆಗಾಗಿ ಬೆಳೆಸುವಂಥದ್ದು. ನಮ್ಮಲ್ಲಿ ಪಾಲಕ್ ಎಂದು ಮಾರುವ ಹಲವು ತಳಿಗಳು ಸಸ್ಯಶಾಸ್ತ್ರದ ಪ್ರಕಾರ ಇದೇ ಜಾತಿಯವು ಎಂಬುದು ಸ್ವಾರಸ್ಯಕರ ಸಂಗತಿ.

ನೆಂಟಸ್ತಿಕೆ ಸೊಪ್ಪಿನಲ್ಲಷ್ಟೇ ನಿಲ್ಲುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಶ್ಯಾವಿಗೆಗೆ ಹೆಸರಾದ ಜವೆ ಗೋಧಿಯನ್ನೇ, ಅಂದರೆ ಸದಕವನ್ನೇ, ಇಟಲಿಯಲ್ಲಿ 'ಫಾರ್ರೊ' ಎಂದು ಬೆಳೆಯುತ್ತಾರೆ. ಪಾಸ್ತಾ ಮಾಡುವ ಡ್ಯೂರಂ ಗೋಧಿ ಅದರ ಹತ್ತಿರದ ಬಂಧು.

ಒಂದೇ ಹಾಲಿನ ಮೂರು ರೂಪ

ಈಗ ಆ ಕೊಟ್ಟಿಗೆಗಳ ಮಾತು. ಸಂಜೆ ಕರೆದ ಹಾಲನ್ನು ರಾತ್ರಿಯಿಡೀ ಅಗಲವಾದ ತೊಟ್ಟಿಗಳಲ್ಲಿ ಬಿಡುತ್ತಾರೆ. ಮೇಲೆ ತೇಲಿದ ಕೆನೆ ತೆಗೆದರೆ ಅದು ಬೆಣ್ಣೆಗೆ. ಕೆನೆ ತೆಗೆದ ಹಾಲಿಗೆ ಬೆಳಗಿನ ಹಾಲು ಬೆರೆಸಿ, ತಾಮ್ರದ ಕಡಾಯಿಯಲ್ಲಿ ಹೆಪ್ಪುಗಟ್ಟಿಸಿದರೆ 'ಪಾರ್ಮಿಜಾನೊ ರೆಜ್ಜಾನೊ' ಚೀಸ್. ಗಾಡಿಯ ಗಾಲಿಯಂತಿರುವ ಸುಮಾರು 40 ಕಿಲೋ ತೂಕದ ಒಂದು ಚೀಸ್‌ಗೆ 550 ಲೀಟರಿನಷ್ಟು ಹಾಲು ಬೇಕು. ಕನಿಷ್ಠ 12 ತಿಂಗಳು ಹಣ್ಣಾಗಬೇಕು. ಉಳಿದ ತಿಳಿನೀರನ್ನು ಮತ್ತೆ ಕಾಯಿಸಿದರೆ ಅದರಲ್ಲಿನ ಪ್ರೋಟೀನು ಬಿಳಿ ಮೊಸರಿನಂತೆ ಮೇಲೆ ಬರುತ್ತದೆ. ಅದೇ ರಿಕೋತ್ತಾ, ಆ ಪದಕ್ಕೆ 'ಮತ್ತೆ ಬೇಯಿಸಿದ್ದು' ಎಂದೇ ಅರ್ಥ. ತಟ್ಟೆಯಲ್ಲಿರುವ ಬೆಣ್ಣೆ, ಚೀಸ್, ರಿಕೋತ್ತಾ ಮೂರೂ ಹೀಗೆ ಒಂದೇ ಕೊಟ್ಟಿಗೆಯಿಂದ ಬರಬಹುದು.

ಈ ಕೊಟ್ಟಿಗೆಗಳಲ್ಲಿ ಭಾರತೀಯರೂ ದುಡಿಯುತ್ತಿದ್ದಾರೆ. ಕಳೆದ ಶತಮಾನದ ಕೊನೆಯ ದಶಕಗಳಿಂದ ಪಂಜಾಬಿನ ಸಿಖ್ಖರು ಹೈನುಗಾರಿಕೆಯ ಕೆಲಸಕ್ಕೆ ಪೋ ಬಯಲಿಗೆ ಹೋಗಿ ನೆಲೆಸಿದರು. ರೆಜ್ಜೊ ಎಮಿಲಿಯಾ ಜಿಲ್ಲೆಯ ನೊವೆಲ್ಲಾರಾದಲ್ಲಿ 2000ದಲ್ಲಿ ಅವರ ದೊಡ್ಡ ಗುರುದ್ವಾರವೇ ಆರಂಭವಾಯಿತು.

ಸಸ್ಯಾಹಾರಿಯ ಪ್ರಶ್ನೆ

ಇಲ್ಲಿಗೆ ಓದಲು ಹೋಗುವ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಗಮನಿಸಬೇಕಾದ ಮಾತೊಂದಿದೆ. 'ಮಾಗ್ರೊ' ಎಂದರೆ ಮಾಂಸವಿಲ್ಲದ್ದು ನಿಜ, ಆದರೆ ಸಸ್ಯಾಹಾರವೆಂದಲ್ಲ. ಮೀನು ಅದರಲ್ಲಿ ಸಲ್ಲುತ್ತದೆ. 24ರ ರಾತ್ರಿ ತೊರ್ತೆಲ್ಲಿಯ ಪಕ್ಕದಲ್ಲೇ ಉಪ್ಪುಮೀನು ಇರಬಹುದು. ಎರಡನೆಯದಾಗಿ, ಕಣಕದಲ್ಲಿ ಮೊಟ್ಟೆಯಿದೆ. ನಮ್ಮ ಹಸಿರು ಚುಕ್ಕೆಯ ನಿಯಮದಲ್ಲಿ ಮೊಟ್ಟೆ ಸಸ್ಯಾಹಾರವಲ್ಲ. ಅಲ್ಲಿ ಅದನ್ನು ಯಾರೂ ಬೇರೆಯಾಗಿ ಎಣಿಸುವುದಿಲ್ಲ.

ಮೂರನೆಯದು ಕಣ್ಣಿಗೆ ಕಾಣದ್ದು. ಪಾರ್ಮಿಜಾನೊ ಹಾಲನ್ನು ಹೆಪ್ಪುಗಟ್ಟಿಸಲು ಬಳಸುವುದು ರೆನೆಟ್. ಹಾಲು ಕುಡಿಯುವ ಎಳೆಗರುವಿನ ನಾಲ್ಕನೇ ಜಠರದಿಂದ ತೆಗೆದದ್ದು. ಅದರಲ್ಲಿರುವ ಕೈಮೊಸಿನ್ ಎಂಬ ಕಿಣ್ವ ಹಾಲಿನ ಕೇಸಿನ್ ಪ್ರೋಟೀನಿನ ಒಂದು ಭಾಗವನ್ನು ಕತ್ತರಿಸುತ್ತದೆ. ಆಗ ಹಾಲು ಗಟ್ಟಿಯಾಗುತ್ತದೆ. ಪಾರ್ಮಿಜಾನೊ ಎಂಬ ಹೆಸರು ಬೇಕಾದರೆ ಕರುವಿನ ರೆನೆಟ್ಟನ್ನೇ ಬಳಸಬೇಕೆಂಬುದು ಅದರ ನಿಯಮ. ಅದರ ತಿಳಿನೀರಿನಿಂದ ಬಂದ ರಿಕೋತ್ತಾಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕಿಣ್ವವೂ ಇದೆ. ನಮ್ಮ ಹಸಿರು ಚುಕ್ಕೆಯ ಚೀಸ್‌ಗಳಲ್ಲಿ ಬಳಸುವುದು ಅಂಥದ್ದನ್ನು.

ಹಾಗೆಂದು ಸಹಪಾಠಿಯ ಮನೆಯ ಕರೆಯನ್ನು ತಿರಸ್ಕರಿಸಬೇಕಿಲ್ಲ. ಊಟಕ್ಕೆ ಕುಳಿತ ಮೇಲೆ ತಟ್ಟೆ ದೂಡುವುದಕ್ಕಿಂತ ವಾರ ಮೊದಲೇ ಹೇಳುವುದು ಲೇಸು. 'ಸೆನ್ಸಾ ಪೆಶ್ಶೆ' ಎಂದರೆ ಮೀನಿಲ್ಲದೆ, 'ಸೆನ್ಸಾ ಉವೊವಾ' ಎಂದರೆ ಮೊಟ್ಟೆಯಿಲ್ಲದೆ. ರೆನೆಟ್‌ಗೆ ಅಲ್ಲಿನ ಪದ 'ಕಾಲ್ಯೊ'. ಚೀಸ್ ಪೊಟ್ಟಣದ ಮೇಲೆ ಅದು ಯಾವ ಬಗೆಯದೆಂದು ಓದಿ ನೋಡಬೇಕು. ಮೊಟ್ಟೆ ಬೇಡವಾದವರಿಗೆ ಅಂಗಡಿಯ ಸಾಮಾನ್ಯ ಒಣ ಪಾಸ್ತಾ ಒದಗುತ್ತದೆ. ಡ್ಯೂರಂ ರವೆ ಮತ್ತು ನೀರಷ್ಟೇ ಅದರ ಸಾಮಗ್ರಿ. ಎಲ್ಲಿ ನಿಲ್ಲಬೇಕು, ಎಲ್ಲಿ ಹೊಂದಿಕೊಳ್ಳಬೇಕು ಎಂಬುದು ಪ್ರತಿ ಮನೆಯ, ಪ್ರತಿ ವಿದ್ಯಾರ್ಥಿಯ ಸ್ವಂತ ತೀರ್ಮಾನ. ಆದರೆ ತಿಳಿದು ತೀರ್ಮಾನಿಸುವುದು ಒಳ್ಳೆಯದು.

ನಮ್ಮ ಅಡುಗೆಮನೆಯಲ್ಲಿ

ಇದೇ ವಿಯಾ ಎಮಿಲಿಯಾದ ಮೇಲಿರುವ ಫೊರ್ಲಿಂಪೊಪೊಲಿಯಲ್ಲಿ ಹುಟ್ಟಿದ ಪೆಲ್ಲೆಗ್ರಿನೊ ಆರ್ತೂಸಿ 1891ರಲ್ಲಿ ಸ್ವಂತ ಖರ್ಚಿನಲ್ಲಿ ಪ್ರಕಟಿಸಿದ ಪಾಕಶಾಸ್ತ್ರದ ಪುಸ್ತಕ ಇಟಲಿಯ ಮನೆಮನೆಗೂ ಹೋಯಿತು. ಅದರ ಹೆಸರು ಆರಂಭವಾಗುವುದೇ 'ಅಡುಗೆಮನೆಯಲ್ಲಿ ವಿಜ್ಞಾನ' ಎಂದು. ರಜೆಯಲ್ಲಿ ನೆಂಟರಿಷ್ಟರು ಸೇರಿದಾಗ ಮಕ್ಕಳು ಈ ವಿಜ್ಞಾನವನ್ನು ಮಾಡಿ ನೋಡಬಹುದು. ನಾಲ್ಕು ಜನರಿಗೆ ಅಳತೆ ಹೀಗಿದೆ.

200 ಗ್ರಾಂ ಮೈದಾ, 100 ಗ್ರಾಂ ಚಿರೋಟಿ ರವೆಗೆ ಸುಮಾರು 150 ಮಿಲಿಲೀಟರ್ ಬಿಸಿನೀರು ಹಾಕಿ, ಗಟ್ಟಿಯಾಗಿ ನಾದಿ ಮುಚ್ಚಿಡಿ. ಒಂದು ಲೀಟರ್ ಹಾಲನ್ನು ನಿಂಬೆರಸ ಹಿಂಡಿ ಒಡೆಸಿ, ಬಟ್ಟೆಯಲ್ಲಿ ಕಟ್ಟಿ ಅರ್ಧ ಗಂಟೆ ತೂಗುಹಾಕಿ. ಒಂದು ಕಟ್ಟು ಪಾಲಕನ್ನು ಎರಡು ನಿಮಿಷ ಬೇಯಿಸಿ, ಬಿಗಿಯಾಗಿ ಹಿಂಡಿ, ಸಣ್ಣಗೆ ಕೊಚ್ಚಿ. ಹೂರಣದಲ್ಲಿ ನೀರು ಉಳಿದರೆ ಕಣಕ ಒಡೆಯುತ್ತದೆ. ಇವೆರಡಕ್ಕೆ 50 ಗ್ರಾಂ ತುರಿದ ಹಸಿರು ಚುಕ್ಕೆಯ ಚೀಸ್, ಉಪ್ಪು, ಮೆಣಸಿನ ಪುಡಿ, ಜಾಯಿಕಾಯಿ ಬೆರೆಸಿ. ತೆಳುವಾಗಿ ಲಟ್ಟಿಸಿದ ಹಾಳೆಯ ಮೇಲೆ ಎರಡಂಗುಲಕ್ಕೊಂದರಂತೆ ಚಮಚೆಯಷ್ಟು ಹೂರಣ ಇಟ್ಟು, ಮಡಿಸಿ, ಒಳಗಿನ ಗಾಳಿ ಹೋಗುವಂತೆ ಅಂಚು ಒತ್ತಿ, ಕತ್ತರಿಸಿ. ಗಾಳಿ ಉಳಿದರೆ ಬಿಸಿಗೆ ಹಿಗ್ಗಿ ಬಾಯಿ ಬಿಡುತ್ತದೆ.

ಬೆಣ್ಣೆ-ಚೀಸ್‌ನ ಹೊಳೆಯ ಬದಲು ಇಟಲಿಯಲ್ಲೂ ಬಳಸುವ ಬಿಳಿ ಸಾರು 'ಬೆಶಾಮೆಲ್ಲಾ' ನಮಗೆ ಅನುಕೂಲ. 30 ಗ್ರಾಂ ಬೆಣ್ಣೆಯಲ್ಲಿ 30 ಗ್ರಾಂ ಮೈದಾವನ್ನು ಬಣ್ಣ ಬದಲಾಗದಂತೆ ಹುರಿದು, ಅರ್ಧ ಲೀಟರ್ ಹಾಲನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕೈಯಾಡಿಸಿ. ಜಿಡ್ಡು ಪಿಷ್ಟದ ಕಣಗಳನ್ನು ಒಂದರಿಂದೊಂದು ಬೇರ್ಪಡಿಸುವುದರಿಂದ ಗಂಟಾಗದು. ಬಿಸಿಯೇರಿದಂತೆ ಆ ಕಣಗಳು ಹಾಲಿನ ನೀರು ಹೀರಿ ಉಬ್ಬುತ್ತವೆ. ಕೆನೆ ಹಾಕದೆಯೇ ಸಾರು ಕೆನೆಯಂತಾಗುತ್ತದೆ.

ತೊರ್ತೆಲ್ಲಿಯನ್ನು ಉಪ್ಪು ಹಾಕಿದ ಕುದಿನೀರಿನಲ್ಲಿ ನಾಲ್ಕೈದು ನಿಮಿಷ ಬೇಯಿಸಿ. ತೇಲಿದರೆ ಸಾಲದು, ಅಂಚು ಮುರಿದು ನೋಡಿ, ದಪ್ಪವಿರುವುದು ಅಲ್ಲೇ. ಬೇಯಿಸಿದ ನೀರನ್ನು ಚೆಲ್ಲದೆ ಒಂದು ಸೌಟು ಸಾರಿಗೆ ಸೇರಿಸಿದರೆ ಹದ ಸಿಗುತ್ತದೆ. ಒಬ್ಬರೇ ಮಾಡಿದರೆ ಬೇಸರದ ಕೆಲಸ. ಒಬ್ಬರು ಲಟ್ಟಿಸಿ, ಒಬ್ಬರು ತುಂಬಿ, ಮಕ್ಕಳು ಅಂಚು ಒತ್ತುತ್ತ ಹೋದರೆ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಬಿಸಿಯಿರುವಾಗಲೇ ಬಡಿಸಿ, ಆರಿದರೆ ಸಾರು ಗಟ್ಟಿಯಾಗುತ್ತದೆ.