ಇಡೀ ಜಿಂಕೆ ಕಾಣೋದೇ ಇಲ್ಲ

ಪೆನ್ಸಿಲ್ವೇನಿಯಾದ ಕಾಡಲ್ಲಿ ನಡೆದು ಈಗಷ್ಟೇ ಬಂದೆ. ಬಿಳಿಬಾಲದ ಜಿಂಕೆಯ ಬೇಟೆ ಕಲಿಸ್ತಿರೋ ಪಕ್ಕದ ಮನೆಯ ಹಿರಿಯರು ಇವತ್ತು ಹೇಳಿದ್ದು ಇಷ್ಟೇ: ಇಡೀ ಜಿಂಕೆಯನ್ನ ಹುಡುಕಬೇಡ. ನೆಟ್ಟಗೆ ನಿಂತ ಮರಗಳ ನಡುವೆ ಅಡ್ಡಕ್ಕೆ ಕಾಣೋ ಬೆನ್ನು, ಅಲುಗೋ ಒಂದು ಕಿವಿ, ಅದನ್ನ ಹುಡುಕು. ಎರಡು ಮೂರು ಹೆಜ್ಜೆ, ಆಮೇಲೆ ನಿಂತು ಸುಮ್ಮನೆ ನೋಡೋದು. ಗಾಳಿ ನಮ್ಮ ಮುಖಕ್ಕೇ ಬೀಸ್ತಿರಬೇಕು. ವಾಸನೆ ಸಿಕ್ಕರೆ ಬಾಲ ಎತ್ತಿ ಓಟ. ಕಾನೂನಿನ ಪ್ರಕಾರ ಹಾಕಲೇಬೇಕಾದ ಕಿತ್ತಳೆ ಜಾಕೆಟ್ಟಿಗೆ ಮಾತ್ರ ಅದು ಬೆದರಲ್ಲ, ಆ ಬಣ್ಣ ಅದರ ಕಣ್ಣಿಗೆ ಎದ್ದು ಕಾಣಲ್ಲ. ನಾವು ಅಲುಗಾಡಿದ್ರೆ ಮುಗೀತು. ಗುಂಡು ಹಾರಿಸೋದಕ್ಕಿಂತ ಈ ನಿಧಾನವೇ ದೊಡ್ಡ ವಿದ್ಯೆ ಅನ್ನಿಸ್ತಿದೆ ನನಗೆ.

ನಾಗರಹೊಳೆ, ಬಂಡೀಪುರದಲ್ಲಿ ಪ್ರಾಣಿ ಗಣತಿಗೆ ನಡೆದವರು ಇದ್ದೀರಾ? ನಿಮ್ಮ ಕಣ್ಣಿಗೆ ಮೊದಲು ಬೀಳೋದು ಜಿಂಕೆಯ ಯಾವ ಭಾಗ?