ಎಣ್ಣೆಯ ಊರಿನಿಂದ ರೇಷ್ಮೆಯ ಊರಿಗೆ

ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಎಂಬ ಎರಡು ತಾಲ್ಲೂಕುಗಳು ಒಂದರ ಮಗ್ಗುಲಿಗೆ ಇನ್ನೊಂದು ಮಲಗಿವೆ. ಮಳೆರಾಯನಿಗೆ ಈ ನಾಡಿನ ಮೇಲೆ ಒಲವು ಕಡಿಮೆ. ರಾಜ್ಯದಲ್ಲಿ ಅತ್ಯಲ್ಪ ಮಳೆ ಬೀಳುವ ಪ್ರದೇಶಗಳನ್ನು ಎಣಿಸುವಾಗ ಇವೆರಡರ ಹೆಸರು ಮೊದಲ ಸಾಲಿನಲ್ಲಿಯೇ ಬರುತ್ತದೆ. ಕಲ್ಲುಗುಡ್ಡಗಳು, ಕುರುಚಲು ಹುಲ್ಲಿನ ಕಾವಲುಗಳು, ಬಿಸಿಲಿಗೆ ಬಿಳಿಚಿಕೊಂಡ ವೇದಾವತಿಯ ಮರಳು ಇವನ್ನು ಬಸ್ಸಿನ ಕಿಟಕಿಯಿಂದ ಕಂಡ ಪ್ರವಾಸಿಯು, ಇಲ್ಲಿ ತಿನ್ನಲು ಏನು ಸಿಕ್ಕೀತು ಎಂದು ಶಂಕಿಸಿದರೆ ಅದು ಅವನ ತಪ್ಪಲ್ಲ. ಆದರೆ ಚಳ್ಳಕೆರೆಯ ನಿಲ್ದಾಣದಲ್ಲಿ ಇಳಿದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಮೂಗು ಆ ಶಂಕೆಯನ್ನು ಪರಿಹರಿಸಿಬಿಡುತ್ತದೆ. ಕಾದ ಎಣ್ಣೆ, ಸಿಡಿದ ಸಾಸಿವೆ, ಹುರಿದ ಶೇಂಗಾ ಎಲ್ಲವೂ ಕೂಡಿದ ಒಂದು ವಾಸನೆ ಊರಿನ ಪರಿಚಯ ಪತ್ರದಂತೆ ಎದುರಿಗೆ ಬಂದು ನಿಲ್ಲುತ್ತದೆ.

ದೊಡ್ಡ ನಗರದ ಕುಟುಂಬಕ್ಕೆ ಹೊರಗೆ ಉಣ್ಣುವುದೆಂದರೆ ಭಾನುವಾರದ ವಿನೋದ. ಇಲ್ಲಿ ಹೋಟೆಲಿನ ಅರ್ಥವೇ ಬೇರೆ. ಮಾರುಕಟ್ಟೆಗೆ ಮಾಲು ತಂದ ರೈತನಿಗೆ ಅದು ಮಧ್ಯಾಹ್ನದ ನೆರಳು; ಕಚೇರಿಯ ಕೆಲಸಕ್ಕೆ ಬಂದು ಸಾಹೇಬರಿಗಾಗಿ ಕಾಯುವವನಿಗೆ ಹೊತ್ತು ಕಳೆಯುವ ಪಡಸಾಲೆ; ಮಗ್ಗದ ಗುಂಡಿಯಿಂದ ಎದ್ದು ಬಂದ ನೇಕಾರನಿಗೆ ಸೊಂಟ ನೆಟ್ಟಗೆ ಮಾಡಿಕೊಳ್ಳುವ ಬಿಡುವು. ಆದ್ದರಿಂದ ಈ ಎರಡು ಊರುಗಳನ್ನು ಅವುಗಳ ಹೋಟೆಲುಗಳ ಬೆಂಚಿನ ಮೇಲೆ ಕುಳಿತು ನೋಡಿದರೆ, ಗುಡಿಗೋಪುರಗಳನ್ನು ನೋಡಿದಾಗ ತಿಳಿಯದ ಕೆಲವು ಸಂಗತಿಗಳು ತಿಳಿಯುತ್ತವೆ.

ಮುದ್ದೆ–ರೊಟ್ಟಿಗಳ ಗಡಿ

ಬೆಂಗಳೂರಿನಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲೆ, ಹಿರಿಯೂರನ್ನು ದಾಟಿದ ಬಳಿಕ ಚಳ್ಳಕೆರೆ ಸಿಗುತ್ತದೆ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ದೂರ. ಭೂಪಟದಲ್ಲಿ ಕಾಣಿಸದ ಒಂದು ಗಡಿರೇಖೆ ಈ ದಾರಿಯನ್ನು ಅಡ್ಡ ಹಾಯುತ್ತದೆ. ರೇಖೆಯ ದಕ್ಷಿಣಕ್ಕೆ ರಾಗಿಮುದ್ದೆಯ ರಾಜ್ಯ, ಉತ್ತರಕ್ಕೆ ಜೋಳದ ರೊಟ್ಟಿಯ ರಾಜ್ಯ. ಚಳ್ಳಕೆರೆ ಈ ಎರಡು ರಾಜ್ಯಗಳಿಗೂ ಕಪ್ಪ ಸಲ್ಲಿಸುವ ಊರು. ಒಂದು ಬೀದಿಯಲ್ಲಿ ಮುದ್ದೆ, ಕಾಳಿನ ಸಾರು, ಸೊಪ್ಪಿನ ಪಲ್ಯ. ಮತ್ತೊಂದು ಬೀದಿಯ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದು, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೇಲೊಂದಿಷ್ಟು ಮೊಸರು. ಮುದ್ದೆಯನ್ನು ಅಗಿಯದೆ ನುಂಗಬೇಕೆಂಬ ಶಾಸ್ತ್ರವನ್ನು ಅರಿಯದ ಅತಿಥಿ ಮೊದಲ ತುತ್ತಿಗೆ ತೊಡಕಿಕೊಂಡರೆ, ಪಕ್ಕದ ಬೆಂಚಿನವರು ನಗುತ್ತ ಕಲಿಸಿಕೊಡುತ್ತಾರೆ.

ಮಾತಿನಲ್ಲಿಯೂ ಇದೇ ಬೆರಕೆ. ಬೆಂಗಳೂರಿನವರ ಕಡಲೆಕಾಯಿ ಇಲ್ಲಿ ಶೇಂಗಾ ಆಗುತ್ತದೆ. ಊಟದ ಮನೆಗೆ ಖಾನಾವಳಿ ಎನ್ನುವ ಹೆಸರು ಮರಾಠಿಯ ಕಡೆಯಿಂದ ಇಳಿದು ಬಂದುದು. ಪೂರ್ವಕ್ಕೆ ಹೊರಳಿದರೆ ಆಂಧ್ರದ ಅನಂತಪುರ ಸೀಮೆ ಕೂಗಳತೆಯಲ್ಲಿಯೇ ಇರುವುದರಿಂದ, ಗಲ್ಲಾಪೆಟ್ಟಿಗೆಯ ಎದುರು ಕನ್ನಡದಲ್ಲಿ ಆರಂಭವಾದ ಚೌಕಾಸಿ ತೆಲುಗಿನಲ್ಲಿ ಮುಗಿಯುವುದೂ ಉಂಟು.

ಮಂಡಕ್ಕಿ–ಮೆಣಸಿನಕಾಯಿ

ಇಷ್ಟೆಲ್ಲ ಇದ್ದರೂ ಸಂಜೆ ನಾಲ್ಕು ಗಂಟೆಯಾಯಿತೆಂದರೆ ಊರಿನ ನಾಲಗೆ ಒಂದೇ ಕಡೆಗೆ ತಿರುಗುತ್ತದೆ. "ಎರಡು ಮಂಡಕ್ಕಿ, ನಾಲ್ಕು ಮೆಣಸಿನಕಾಯಿ" ಎಂಬ ಕೂಗಿನಲ್ಲಿ ಮೆಣಸಿನಕಾಯಿ ಎಂದರೆ ಹಸಿಯ ಕಾಯಿಯಲ್ಲ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಬಜ್ಜಿ ಎಂಬುದನ್ನು ಹೊಸಬರು ಊಹಿಸಿಕೊಳ್ಳಬೇಕು. ದಾವಣಗೆರೆಯಿಂದ ಬಳ್ಳಾರಿಯವರೆಗೆ ಹಬ್ಬಿದ ಈ ಜೋಡಿಗೆ ಬಡವ–ಬಲ್ಲಿದರೆಂಬ ಭೇದವಿಲ್ಲ.

ಮಂಡಕ್ಕಿಯ ಹುಟ್ಟು ಒಂದು ಸಣ್ಣ ಸಾಹಸ. ಭತ್ತವನ್ನು ನೆನೆಸಿ, ಕುದಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಬೆರೆಸಿ, ಕೆಂಪಗೆ ಕಾದ ಮರಳಿನಲ್ಲಿ ಹುರಿದಾಗ ಆ ಅಕ್ಕಿ ಅರಳಿ ಹಗುರಾಗುತ್ತದೆ. ಭಟ್ಟಿಯ ಮುಂದೆ ನಿಂತು ಈ ಕೆಲಸ ಮಾಡುವವರ ಬೆವರಿನ ಲೆಕ್ಕ ತಿನ್ನುವವರ ತಟ್ಟೆಯಲ್ಲಿ ಕಾಣಿಸುವುದಿಲ್ಲ. ಹೋಟೆಲಿನಲ್ಲಿ ಅದನ್ನು ಕ್ಷಣಕಾಲ ನೀರಿಗೆ ಹಾಕಿ ಹಿಂಡಿ, ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸು, ಅರಿಸಿನಗಳ ಒಗ್ಗರಣೆಗೆ ತಿರುವಿ, ಮೇಲೆ ಹುರಿಗಡಲೆಯ ಪುಡಿಯನ್ನು ಉದುರಿಸಿ ನಿಂಬೆ ಹಿಂಡಿದರೆ "ಒಗ್ಗರಣೆ" ಸಿದ್ಧ. ಇದೇ ತಿಂಡಿ ಗಡಿಯಾಚೆಯ ರಾಯಲಸೀಮೆಯಲ್ಲಿ "ಉಗ್ಗಾಣಿ" ಎಂಬ ಹೆಸರಿನಿಂದ, ಅದೇ ಬಜ್ಜಿಯ ಜೊತೆಯಲ್ಲಿ, ಅಲ್ಲಿನ ಸ್ವಂತ ಸೊತ್ತೆಂಬ ಅಭಿಮಾನದಿಂದ ಮೆರೆಯುತ್ತದೆ. ಎರಡು ಹೆಸರುಗಳ ಧ್ವನಿಸಾಮ್ಯವನ್ನು ಕೇಳಿದವರಿಗೆ, ರಾಜ್ಯಗಳ ಎಲ್ಲೆಯನ್ನು ಗುರುತಿಸಿದ ಅಧಿಕಾರಿಗಳು ಒಗ್ಗರಣೆಯ ಬಾಣಲೆಯನ್ನು ಮಾತ್ರ ವಿಭಾಗಿಸಲಾರದೆ ಹೋದರೆಂದು ಅನ್ನಿಸದಿರದು.

ಬಾಣಲೆಯೊಳಗಿನ ಪ್ರಪಂಚ

ಆ ಬಾಣಲೆಯೊಳಗೆ ಕುದಿಯುವ ಎಣ್ಣೆಯೇ ಚಳ್ಳಕೆರೆಯ ನಿಜವಾದ ಚರಿತ್ರೆ. ಮುಂಗಾರಿನ ಮಳೆಯನ್ನೇ ನಂಬಿ ಬಿತ್ತುವ ಶೇಂಗಾ ಈ ಸೀಮೆಯ ಜೀವಾಳ. ಕಾಯಿ ಒಡೆಯುವ, ಬೀಜ ಅರೆಯುವ ಗಿರಣಿಗಳು ಊರಿನ ಸುತ್ತ ಒಂದರ ಹಿಂದೆ ಒಂದಾಗಿ ಎದ್ದುದರಿಂದ ಚಳ್ಳಕೆರೆಗೆ "ಎಣ್ಣೆಯ ನಗರ" ಎಂಬ ಬಿರುದು ಬಂತು. ಎಣ್ಣೆಯ ವ್ಯಾಪಾರದಲ್ಲಿ ಮುಂಬಯಿಯನ್ನು ಬಿಟ್ಟರೆ ಇದೇ ಎಂದು ಊರಿನವರು ಎದೆಯುಬ್ಬಿಸಿ ಹೇಳುವ ಕಾಲವಿತ್ತು. ಎಣ್ಣೆ ಪೇಟೆಗೆ ಹೋಗುತ್ತಿತ್ತು, ಹಿಂಡಿ ದನಗಳಿಗೆ ಹೋಗುತ್ತಿತ್ತು, ಸಿಪ್ಪೆ ಒಲೆಗೆ ಹೋಗುತ್ತಿತ್ತು. ಸುಗ್ಗಿಯಲ್ಲಿ ಮಾಲು ಮಾರಿ ಹಣ ಎಣಿಸಿಕೊಂಡ ರೈತ ಹೋಟೆಲಿಗೆ ನುಗ್ಗಿ ಹಳ್ಳಿಯ ಮಕ್ಕಳಿಗೆಂದು ಬಜ್ಜಿಯ ಪೊಟ್ಟಣ ಕಟ್ಟಿಸುತ್ತಿದ್ದ. ಅವನ ಹೊಲದ ಕಾಯಿಯೇ ಗಿರಣಿಯನ್ನು ಸುತ್ತಿ, ಬಾಣಲೆಯನ್ನು ಹಾಯ್ದು, ಪೊಟ್ಟಣವಾಗಿ ಅವನ ಕೈಗೆ ಮರಳುತ್ತಿತ್ತು.

1994ರಲ್ಲಿ ಕೇಂದ್ರ ಸರ್ಕಾರ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಇಂಡೊನೇಷಿಯ, ಮಲೇಷಿಯಗಳ ಎಣ್ಣೆ ಹಡಗೇರಿ ಬಂದು ಅಗ್ಗದ ದರಕ್ಕೆ ಬಜಾರಿನಲ್ಲಿ ನಿಂತಿತು. ಇತ್ತ ಬರಗಾಲದ ಮೇಲೆ ಬರಗಾಲ ಬಿದ್ದು ಶೇಂಗಾದ ಇಳುವರಿ ಕುಸಿಯಿತು. ಎರಡು ಏಟುಗಳನ್ನು ಒಟ್ಟಿಗೆ ತಾಳಲಾರದೆ ಅನೇಕ ಗಿರಣಿಗಳು ಬಾಗಿಲು ಹಾಕಿದವು. ಇಂದು ಭಾರತ ತನಗೆ ಬೇಕಾದ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದಲೇ ತರಿಸುತ್ತದೆ. 2022ರ ಏಪ್ರಿಲ್ ಕೊನೆಯಲ್ಲಿ ಇಂಡೊನೇಷಿಯ ತನ್ನ ತಾಳೆ ಎಣ್ಣೆಯ ರಫ್ತನ್ನು ಕೆಲವು ವಾರ ನಿಲ್ಲಿಸಿದಾಗ, ಸಾವಿರಾರು ಮೈಲಿ ದೂರದ ಆ ಆಜ್ಞೆಯ ಬಿಸಿ ನಮ್ಮ ಬೀದಿಬದಿಯ ಬಾಣಲೆಗೂ ತಟ್ಟಿತು.

ಹೋಟೆಲಿನ ಯಜಮಾನನನ್ನು ದೂರುವುದು ಸುಲಭ. ಆದರೆ ಶೇಂಗಾ ಎಣ್ಣೆಯಲ್ಲಿ ಕರಿದರೆ ಬಜ್ಜಿಯ ಬೆಲೆ ಏರಿಸಬೇಕು. ಏರಿಸಿದರೆ ಗಿರಾಕಿ ಎದುರು ಅಂಗಡಿಗೆ ಹೋಗುತ್ತಾನೆ. ಆ ಗಿರಾಕಿಯಾದರೋ ಶೇಂಗಾ ಬೆಳೆದ ರೈತನೇ! ತಾನು ಬೆಳೆದುದರ ಎಣ್ಣೆಯನ್ನು ಕೊಂಡು ತಿನ್ನುವ ಶಕ್ತಿ ಅವನಿಗಿಲ್ಲ. ಪರದೇಶದ ಎಣ್ಣೆ ಅಗ್ಗವಾದಷ್ಟೂ ಅವನ ಕಾಯಿಗೆ ಬೆಲೆ ಇಳಿಯುತ್ತದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ, ಕೆರೆಗಳನ್ನು ಕಟ್ಟಿಸಿ ಜನಕ್ಕೆ ಕೂಲಿ ಕೊಡಿಸಿದರೆಂದು ಪ್ರತೀತಿಯಿರುವ ತಿಪ್ಪೇರುದ್ರಸ್ವಾಮಿಗಳ ಗುಡಿ ಇದೆ. "ಮಾಡಿದಷ್ಟು ನೀಡು ಭಿಕ್ಷೆ" ಎಂಬುದು ಅವರ ಹೆಸರಿನಲ್ಲಿ ಮನೆಮಾತಾಗಿರುವ ನುಡಿ. ಫಾಲ್ಗುಣ ಮಾಸದ ತೇರಿಗೆ ಕೂಡುವ ಅಪಾರ ಜನಸ್ತೋಮದಲ್ಲಿ ಶೇಂಗಾ ರೈತರೇ ಎಷ್ಟು ಮಂದಿಯೋ! ಮಾಡಿದಷ್ಟು ತಮಗೆ ನೀಡಲಾಗುತ್ತಿದೆಯೇ ಎಂದು ಅವರು ತೇರಿನ ಮುಂದೆ ನಿಂತು ಕೇಳಿಕೊಂಡರೆ ಉತ್ತರ ಹೇಳಬೇಕಾದವರು ದೇವರೊಬ್ಬನೇ ಅಲ್ಲ.

ಊರಿಗೆ ಹೊಸ ಗಿರಾಕಿಗಳೂ ಬಂದಿದ್ದಾರೆ. ಅಮೃತಮಹಲ್ ದನಗಳು ಮೇಯುತ್ತಿದ್ದ ವಿಶಾಲ ಕಾವಲುಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ, ರಕ್ಷಣಾ ಇಲಾಖೆಯ ವಿಮಾನ ಪರೀಕ್ಷಾ ಕ್ಷೇತ್ರ ಮೊದಲಾದವು ನೆಲೆಗೊಂಡಿವೆ. ಮರಳಿ ಬಳಸಬಹುದಾದ ಉಡಾವಣಾ ವಾಹನವನ್ನು ಇಸ್ರೊ ಸಂಸ್ಥೆ 2023ರ ಏಪ್ರಿಲ್ 2ರಂದು ಮೊದಲ ಬಾರಿಗೆ ತಾನಾಗಿ ನೆಲಕ್ಕಿಳಿಸಿದ್ದು ಇಲ್ಲಿಯೇ. ಕಾವಲು ಕಳೆದುಕೊಂಡ ಕುರಿಗಾಹಿಯ ಅಳಲು ಮಾತ್ರ ಇನ್ನೂ ಆರಿಲ್ಲ. ಆಕಾಶವನ್ನು ಅಳೆಯುವವರೂ ಹುಲ್ಲನ್ನು ಹುಡುಕುವವರೂ ಹಸಿದಾಗ ಬಂದು ಸೇರುವುದು ಮಾತ್ರ ಇದೇ ಪೇಟೆಗೆ.

ತಳುಕಿನ ದಾರಿಯಲ್ಲಿ

ಉತ್ತರಕ್ಕೆ ಹೊರಟ ಬಸ್ಸು ತಳುಕನ್ನು ಹಾಯುತ್ತದೆ. ಕನ್ನಡದ ಆಚಾರ್ಯ ಪುರುಷ ಟಿ. ಎಸ್. ವೆಂಕಣ್ಣಯ್ಯನವರ ಹೆಸರಿನ ಮೊದಲಕ್ಷರ, ಕಾದಂಬರಿಕಾರ ತ. ರಾ. ಸುಬ್ಬರಾಯರ ಹೆಸರಿನ 'ತ' ಎರಡೂ ಈ ಹಳ್ಳಿಯವೇ. ದಾರಿಯುದ್ದಕ್ಕೂ ಸಿಗುವ ಗುಡಿಸಲು ಹೋಟೆಲುಗಳಲ್ಲಿ ಚಹಾ, ವಡೆ, ಬೆಳಗಾದರೆ ಇಡ್ಲಿ. ಕುರಿಗಾಹಿಗಳ ಈ ನಾಡಿನಲ್ಲಿ ಮಾಂಸದ ಊಟದ ಹೋಟೆಲುಗಳಿಗೂ ಕೊರತೆಯಿಲ್ಲ. ಆದರೆ ಊಟದ ವಿಷಯದಲ್ಲಿ ಹೊರಗಿನವರು ಎಣಿಸದ ಒಂದು ಕಟ್ಟಳೆ ಇಲ್ಲಿದೆ. ದನಗಾಹಿಗಳಾಗಿ ಬದುಕಿ ಬಂದ ಮ್ಯಾಸಬೇಡರು ಕುರಿಯ ಮಾಂಸವನ್ನು ಉಂಡರೂ ಸಂಪ್ರದಾಯದಂತೆ ಕೋಳಿಯನ್ನು ಮುಟ್ಟುವುದಿಲ್ಲ, ಹೆಂಡವನ್ನು ಕುಡಿಯುವುದಿಲ್ಲ. ನಗರದ ಹೋಟೆಲಿನಲ್ಲಿ ಸಸ್ಯಾಹಾರ, ಮಾಂಸಾಹಾರ ಎಂದು ಎರಡೇ ಹಲಗೆ ಬರೆದು ತೂಗಹಾಕಿದವರಿಗೆ, ಜನಜೀವನದ ಪಟ್ಟಿ ಅಷ್ಟು ಚಿಕ್ಕದಲ್ಲವೆಂದು ಈ ಹಟ್ಟಿಗಳು ತಿಳಿಸಿಕೊಡುತ್ತವೆ.

ರೇಷ್ಮೆಯ ಊರು

ಮೊಳಕಾಲ್ಮೂರು ಬೆಟ್ಟಗಳ ಮಡಿಲಿನಲ್ಲಿದೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಬಂಡೆಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ನೆಲವನ್ನು ಅಗೆಸಿದರು. ತಂದೆ–ತಾಯಿಗಳ ಮಾತು ಕೇಳು, ಪ್ರಾಣಿಗಳಲ್ಲಿ ದಯೆಯಿಡು, ಸತ್ಯವನ್ನು ನುಡಿ ಎಂಬುದು ಇಲ್ಲಿನ ಶಾಸನದ ಸಾರ. ತನ್ನ ಅಡುಗೆಮನೆಯಲ್ಲಿ ಈಗ ದಿನಕ್ಕೆ ಎರಡು ನವಿಲು, ಒಂದು ಜಿಂಕೆ ಮಾತ್ರ ಹತವಾಗುತ್ತವೆ, ಮುಂದೆ ಅವೂ ಆಗವು ಎಂದು ಅದೇ ಅರಸ ಗಿರ್ನಾರ್ ಮೊದಲಾದೆಡೆಯ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ಚಕ್ರವರ್ತಿಗೂ ಊಟದ ತಟ್ಟೆ ಆತ್ಮಪರೀಕ್ಷೆಯ ಸ್ಥಳವಾಗಿತ್ತೆಂದಾಯಿತು.

ಊರೊಳಗೆ ಕಾಲಿಟ್ಟರೆ ಶಾಸನಕ್ಕಿಂತ ಮಗ್ಗದ ಸದ್ದು ಹತ್ತಿರ. ತನ್ನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಊರಿದು. ಒಂದು ಸೀರೆಯ ಹಿಂದೆ ದಿನಗಟ್ಟಲೆ ಬೆನ್ನು ಬಾಗುತ್ತದೆ. ಹಾಸು ಜೋಡಿಸುವುದರಲ್ಲಿ, ಲಾಳಿ ಸುತ್ತುವುದರಲ್ಲಿ ಮನೆಯವರೆಲ್ಲರ ಕೈ ಸೇರುತ್ತದೆ. ಆದರೆ ಎಣ್ಣೆಗೈಯಿಂದ ರೇಷ್ಮೆಯನ್ನು ಮುಟ್ಟುವಂತಿಲ್ಲ. ಒಂದು ಕಲೆ ಬಿದ್ದರೆ ಆ ದಿನಗಳ ದುಡಿಮೆಗೆ ಕುತ್ತು. ಚಳ್ಳಕೆರೆಯಲ್ಲಿ ಕೈಗೆ ಮೆತ್ತಿದ ಎಣ್ಣೆ ಸಂಪತ್ತಿನ ಗುರುತಾಗಿದ್ದರೆ, ಮೊಳಕಾಲ್ಮೂರಿನಲ್ಲಿ ಅದು ಅಪಾಯದ ಗುರುತು. ಇಲ್ಲಿ ಮಂಡಕ್ಕಿ–ಮೆಣಸಿನಕಾಯಿ ಮಗ್ಗದ ಬಳಿ ಸಲ್ಲುವ ತಿಂಡಿಯಲ್ಲ, ಮಗ್ಗವನ್ನು ಬಿಟ್ಟು ಬಂದು ತಿನ್ನುವ ತಿಂಡಿ. ಸಣ್ಣ ಊರಾದ್ದರಿಂದ ಹೋಟೆಲುಗಳೂ ಸಣ್ಣವು: ನಾಲ್ಕು ಬೆಂಚು, ಒಂದು ಒಲೆ, ಗೋಡೆಗೆ ಒರಗಿದ ಪತ್ರಿಕೆ. ನೇಯ್ಗೆಯ ಕೂಲಿ, ನೂಲಿನ ದರ, ಮಗನನ್ನು ಮಗ್ಗಕ್ಕೆ ಕೂರಿಸಬೇಕೆ, ಬೆಂಗಳೂರಿಗೆ ಕಳಿಸಬೇಕೆ ಎಂಬ ಚಿಂತೆ ಇವೆಲ್ಲ ಅರ್ಧ ಲೋಟ ಚಹಾದ ಅವಧಿಯಲ್ಲಿ ಚರ್ಚೆಯಾಗಿ, ತೀರ್ಮಾನವಾಗದೆ, ನಾಳೆಗೆ ಉಳಿಯುತ್ತವೆ. ಮದುವೆಯ ಜವಳಿಗೆಂದು ಹೊರ ಊರುಗಳಿಂದ ಬಂದ ಕುಟುಂಬಗಳು ಸೀರೆಯ ಬೆಲೆ ದುಬಾರಿಯಾಯಿತೆಂದು ಗೊಣಗುವುದೂ, ಅದನ್ನು ನೆಯ್ದವನು ಬಜ್ಜಿಯ ಬೆಲೆ ಏರಿತೆಂದು ಗೊಣಗುವುದೂ ಒಂದೇ ಮಾಡಿನ ಕೆಳಗೆ ಕೇಳಿಬರುವುದುಂಟು.

ಒಂದೇ ಬೆಂಚು

ಈ ಬೆಂಚುಗಳ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಹಿಂದೆ ಮೈಸೂರು ಸೀಮೆಯ ಹೋಟೆಲುಗಳಲ್ಲಿ ಜಾತಿಗೊಂದು ಕೋಣೆ, ಜಾತಿಗೊಂದು ಹಲಗೆ ಇರುತ್ತಿದ್ದುದು ಹಿರಿಯರ ನೆನಪಿನಿಂದ ಮಾಸಿಲ್ಲ. ಹೋಟೆಲು, ಉಪಾಹಾರ ಗೃಹಗಳಿಗೆ ಹೋಗಲು ಯಾರಿಗೂ ಜಾತಿಯ ಕಾರಣದಿಂದ ತಡೆಯಿರಬಾರದೆಂದು 1950ರ ಸಂವಿಧಾನದ 15ನೆಯ ವಿಧಿ ಸಾರಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅಂತಹ ತಡೆಯನ್ನು ಶಿಕ್ಷಾರ್ಹವಾಗಿಸಿತು. ಆ ಬಳಿಕವೂ ಬೇರೆ ಲೋಟದ ಪದ್ಧತಿ ದೇಶದ ಹಲವು ಹಳ್ಳಿಗಳಲ್ಲಿ ಬಹುಕಾಲ ಉಳಿಯಿತೆಂಬುದು ನಾಚಿಕೆಯ ಸಂಗತಿ. ದೇವಸ್ಥಾನದ ಬಾಗಿಲಿಗಿಂತ ಹೋಟೆಲಿನ ಬಾಗಿಲು ಸಣ್ಣದೆಂದು ಭಾವಿಸುವವರು, ಆ ಒಂದು ಲೋಟಕ್ಕಾಗಿ ಎಷ್ಟು ಜನ ಅವಮಾನ ನುಂಗಿದರೆಂಬುದನ್ನು ಮರೆಯಬಾರದು.

ಅಪರಿಚಿತರು ಮೊಣಕೈ ತಾಗಿಸಿಕೊಂಡು ಕುಳಿತು ಉಣ್ಣುವ ಮನೆ ಆದುದರಿಂದಲೇ ಹೋಟೆಲಿಗೆ ಒಂದು ಘನತೆ ಬಂದಿದೆ. ಚಳ್ಳಕೆರೆಯ ಸಂಜೆಯಲ್ಲಿ ಹಮಾಲಿ, ಮೇಷ್ಟರು, ಕಂಬಳಿ ಮಾರಲು ಬಂದ ಮುದುಕ, ವಿಜ್ಞಾನ ಸಂಸ್ಥೆಯ ತರುಣ ಎಲ್ಲರೂ ಒಂದೇ ಬಾಣಲೆಯ ಮೆಣಸಿನಕಾಯಿಗೆ ಕಾಯುತ್ತಾರೆ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಫೋನಿನಿಂದ ಹಣ ಸಲ್ಲಿಸುವ ಚೌಕದ ಚೀಟಿ ಅಂಟಿದೆ. ಅದರ ಪಕ್ಕದಲ್ಲಿಯೇ ಚಿಲ್ಲರೆಯ ಡಬ್ಬವೂ ಇದೆ.

ಈ ದಾರಿಯಲ್ಲಿ ಸಾಗುವ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯ ಪದ್ಧತಿಯೇ. ಆದರೂ ಚಳ್ಳಕೆರೆಯಲ್ಲಿ ಒಮ್ಮೆ ಇಳಿದು, "ಇದು ಯಾವ ಎಣ್ಣೆ?" ಎಂದು ಕೇಳಿ ನೋಡಬೇಕು. ಶೇಂಗಾ ಎಣ್ಣೆಯಲ್ಲಿ ಕರಿಯುವ ಅಂಗಡಿ ಸಿಕ್ಕಿದರೆ ಒಂದೆರಡು ರೂಪಾಯಿ ಹೆಚ್ಚು ಕೊಡಲು ಹಿಂಜರಿಯಬಾರದು. ಆ ಒಂದೆರಡು ರೂಪಾಯಿ, ಮಳೆ ನೋಡುತ್ತ ಕುಳಿತ ಯಾವುದೋ ಹೊಲದ ದಾರಿಯನ್ನು ಹಿಡಿದೀತು.