ಅಳದ ಮಗಳು

2019ರ ಬೇಸಿಗೆ ರಜೆಯಲ್ಲಿ ನಮ್ಮ ಹನ್ನೆರಡರ ಮಗಳ ಬಾಗಿದ ಬೆನ್ನುಮೂಳೆಗೆ ಶಸ್ತ್ರಚಿಕಿತ್ಸೆ ಮಾಡಿ, ಲೋಹದ ಸರಳು ಜೋಡಿಸಿದರು. ಮರುದಿನವಿಡೀ ಅವಳು ಅಳಲೇ ಇಲ್ಲ. ನೋವಿದೆಯಾ ಎಂದವರಿಗೆಲ್ಲ ಇಲ್ಲವೆಂದು ತಲೆಯಾಡಿಸಿದಳು. ನೋಡಲು ಬಂದವರೆದುರು ನಾವು ಹೊಗಳಿದ್ದೇ ಹೊಗಳಿದ್ದು: “ಗಟ್ಟಿಗಿತ್ತಿ, ಒಂದು ಹನಿ ಕಣ್ಣೀರಿಲ್ಲ!”

ಸಂಜೆ ನರ್ಸ್ ಒಬ್ಬರು ಆರು ಮುಖಗಳಿದ್ದ ಕಾರ್ಡು ತಂದರು. ಮೊದಲನೆಯದು ನಗುಮುಖ, ಕೊನೆಯದು ಅಳುಮುಖ. “ನಿನ್ನದು ಯಾವುದಮ್ಮ?” ಮಗಳು ಒಮ್ಮೆ ನಮ್ಮತ್ತ ನೋಡಿ, ಕೊನೆಯದರ ಪಕ್ಕದ ಮುಖಕ್ಕೆ ಬೆರಳಿಟ್ಟಳು. ನಮ್ಮ ಹೊಗಳಿಕೆ ಕೇಳಿಯೇ ಅವಳು ತುಟಿ ಕಚ್ಚಿಕೊಂಡಿದ್ದಳು.

ಮಾರ್ಫಿನ್ ಪಂಪಿನ ಗುಂಡಿ ಅವಳ ಕೈಯಲ್ಲೇ ಇತ್ತು. ಎಷ್ಟು ಸಲ ಒತ್ತಿದರೂ ನಿಗದಿತ ಪ್ರಮಾಣ ಮೀರದಂತೆ ಯಂತ್ರಕ್ಕೇ ಕಡಿವಾಣವಿದೆ. ಮಗು ನಿದ್ರಿಸುವಾಗ ಹೆತ್ತವರು ಒತ್ತಕೂಡದು, ಉಸಿರಾಟ ಕುಗ್ಗೀತು. ನಾವೋ, ಚಟ ಹತ್ತೀತೆಂದು ಹೆದರಿ, “ಆದಷ್ಟೂ ಒತ್ತಬೇಡ” ಎಂದಿದ್ದೆವು! ವೈದ್ಯರು ಗದರಲಿಲ್ಲ. ನೋವಿಗೆ ಹೆದರಿದ ಮಗು ಆಳವಾಗಿ ಉಸಿರೆಳೆಯದು, ಕೆಮ್ಮದು, ಕಫ ಎದೆಯಲ್ಲೇ ಕಟ್ಟುತ್ತದೆ ಎಂದರು. ಪ್ಯಾರಾಸಿಟಮಾಲ್ ಕೂಡ ನೋವು ಬಂದ ಮೇಲಲ್ಲ, ಗಡಿಯಾರ ನೋಡಿ ಕೊಡಬೇಕಂತೆ. ಮಾರ್ಫಿನ್ನಿಂದಾಗುವ ಮಲಬದ್ಧತೆಗೂ ಮೊದಲೇ ಮದ್ದು.

ಹಸುಗೂಸುಗಳಿಗೆ ನೋವೇ ತಿಳಿಯದೆಂದು 1980ರ ದಶಕದಲ್ಲೂ ಅನೇಕ ವೈದ್ಯರೇ ನಂಬಿದ್ದರು. ಭಾರತ ಮೂಲದ ಡಾ. ಕನ್ವಲ್‌ಜೀತ್ ಆನಂದ್ ಅವರ 1987ರ ಅಧ್ಯಯನ ಆ ನಂಬಿಕೆಯನ್ನು ಅಲುಗಿಸಿತು. ನಾವಾದರೋ, ಬಾಯಿ ಬರುವ ಮಗಳ ನೋವನ್ನೇ ಕೇಳಿಸಿಕೊಂಡಿರಲಿಲ್ಲ.

ಆ ರಾತ್ರಿ ಅವಳು ತಾನೇ ಗುಂಡಿ ಒತ್ತಿದಳು, ಮಲಗಿದಳು. ಬೆಳಿಗ್ಗೆ ಕಿಟಕಿಯವರೆಗೆ ನಡೆದಳು, ಹೆಜ್ಜೆಹೆಜ್ಜೆಗೂ ನಮ್ಮನ್ನು ಬೈಯುತ್ತ.